ಗಿರ್ದಾವರ ಬಂಗಲೆಯ ಗೋಡೆ ಒಡೆದದ್ದು

ಹೊತ್ತು ಇಳಿಯತೊಡಗಿದರೆ ನಮ್ಮ ಮನೆಯಲ್ಲಿ ಬಾಗಿಲು ಹಾಕುವ ಕೆಲಸ ಶುರುವಾಗುತ್ತಿತ್ತು. ಓಣಿಯ ಉಳಿದ ಮನೆಗಳಲ್ಲಿ ಅದು ಕಟ್ಟೆಯ ಮೇಲೆ ಕೂತು ಮಾತಾಡುವ ಸಮಯ. ಹೆಂಗಸರು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು, ಹುಡುಗರು ಧೂಳೆಬ್ಬಿಸಿ ಆಡುತ್ತಿದ್ದರು. ನಮ್ಮಲ್ಲಿ ಮಾತ್ರ ನೀಲವ್ವತ್ತೆ ಒಳಗಿನಿಂದ ‘ಗಿರ್ಜಿ’ ಎಂದು ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಅವಳು ನನ್ನ ಅಪ್ಪನ ಅಕ್ಕ. ಗಂಡನ ಮನೆಗೆ ಹೋದವಳು ವರ್ಷ ತುಂಬುವುದರೊಳಗೆ ತಿರುಗಿ ಬಂದಿದ್ದಳಂತೆ. ಆಮೇಲೆ ಅವಳು ಹೊಸ್ತಿಲು ದಾಟಿದ್ದೇ ಅಪರೂಪ. ನಾನು ಕಾಲು ತೊಳೆದು ಒಳಗೆ ಬಂದ ಕೂಡಲೇ ದೊಡ್ಡ ಬಾಗಿಲಿಗೆ ಅಗಳಿ ಬೀಳುತ್ತಿತ್ತು. ಅದು ನನ್ನ ತೋಳಿನಷ್ಟು ದಪ್ಪದ ಮರದ ಅಡ್ಡಪಟ್ಟಿ. ಆಮೇಲೆ ನಡುಮನೆಯ ಬಾಗಿಲು, ಹಿತ್ತಲ ಬಾಗಿಲು, ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಸಣ್ಣ ಬಾಗಿಲು. ಒಂದೊಂದನ್ನು ಹಾಕಿದ ಮೇಲೂ ಅತ್ತೆ ನನ್ನ ಕಡೆ ತಿರುಗಿ ಹೇಳುತ್ತಿದ್ದಳು:

“ಜಗ್ಗಿ ನೋಡು.”

ನಾನು ಜಗ್ಗಿ ನೋಡುತ್ತಿದ್ದೆ. ಬಾಗಿಲು ಅಲುಗಾಡದಿದ್ದರೆ ಅವಳ ಮುಖ ಸ್ವಲ್ಪ ಸಡಿಲಾಗುತ್ತಿತ್ತು. ನನಗೂ ಎದೆ ಹಗುರಾಗುತ್ತಿತ್ತು. ಯಾರಿಗೆ ಹೆದರಿ ಇಷ್ಟೆಲ್ಲ ಮಾಡುತ್ತೇವೆ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆ ‘ಅವ್ರು’ ಎನ್ನುತ್ತಿದ್ದಳು, ಅಷ್ಟೇ. ಅವ್ರು ಬಂದರೆ ಒಳಗಿನ ಖೋಲಿಗೆ ಓಡಬೇಕು, ಜೋಳದ ಚೀಲಗಳ ಹಿಂದೆ ಕೂರಬೇಕು, ಮೊಣಕಾಲು ಎದೆಗೆ ಆನಿಸಬೇಕು, ಬಾಯಿ ತೆರೆದು ಸಪ್ಪಳವಾಗದ ಹಾಗೆ ಉಸಿರಾಡಬೇಕು. ಬರಿಗಾಲಿನ ಸಪ್ಪಳ ಯಾವುದು, ಜೋಡಿನ ಸಪ್ಪಳ ಯಾವುದು, ಬೂಟಿನದು ಯಾವುದು ಎಂದು ಕಣ್ಣು ಮುಚ್ಚಿ ಹೇಳುವುದನ್ನು ಅವಳು ನನಗೆ ಆಟದ ಹಾಗೆ ಕಲಿಸಿದ್ದಳು. ಹಿಂದಿನ ಓಣಿಯ ಪೊಲೀಸ್ ಪೇದೆ ಮನೆಗೆ ಹೋಗುವಾಗ ನಮ್ಮ ಗೋಡೆಯ ಪಕ್ಕದಲ್ಲೇ ಹಾದು ಹೋಗುತ್ತಿದ್ದ. ಆಗ ಅತ್ತೆ ಕೈಯಲ್ಲಿನ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. ಆ ಸಪ್ಪಳ ದೂರವಾಗುವವರೆಗೆ ನಾನೂ ಅವಳ ಸೆರಗು ಹಿಡಿದು ನಿಲ್ಲುತ್ತಿದ್ದೆ. ಓದುಬರಹಕ್ಕಿಂತ ಮೊದಲು ನಾನು ಕಲಿತ ವಿದ್ಯೆ ಅದು.

ಬಂಗಲೆ ಎಂದರೆ ಭಾರಿ ದೊಡ್ಡದೇನಲ್ಲ. ನನ್ನ ಅಜ್ಜ ನಿಜಾಮರ ಕಾಲದಲ್ಲಿ ಗಿರ್ದಾವರನಾಗಿ ಹಳ್ಳಿಹಳ್ಳಿ ತಿರುಗಿ ಕಂದಾಯದ ಕೆಲಸ ನೋಡುತ್ತಿದ್ದವನು. ಯಲಬುರ್ಗಾದಲ್ಲಿ ಅವನು ಕಟ್ಟಿಸಿದ ಮನೆಯ ಮುಂದೆ ಕಮಾನುಗಳ ಪಡಸಾಲೆ ಇತ್ತು. ಅಷ್ಟಕ್ಕೇ ಊರವರು ಅದನ್ನು ಗಿರ್ದಾವರ ಬಂಗಲೆ ಎಂದು ಕರೆದರು. ನಾನು ಕಣ್ಣು ಬಿಡುವ ಹೊತ್ತಿಗೆ ಆ ಕಮಾನುಗಳನ್ನೂ ಕಲ್ಲು ಮಣ್ಣು ತುಂಬಿ ಮುಚ್ಚಿಯಾಗಿತ್ತು. ಎರಡು ಮೊಳ ದಪ್ಪದ ಕಲ್ಲಿನ ಗೋಡೆಗಳು, ಮೇಲೆ ತೇಗದ ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ. ನಡುಮನೆಗೆ ಮೇಲಿನಿಂದ ಒಂದು ಬೆಳಕಿಂಡಿ, ಒಳಗಿನ ಖೋಲಿಗೆ ಇನ್ನೊಂದು. ಮಧ್ಯಾಹ್ನ ಒಂದಿಷ್ಟು ಹೊತ್ತು ಅವುಗಳಿಂದ ಅಂಗೈಯಗಲದ ಬಿಸಿಲು ಬಿದ್ದು, ನೆಲದ ಮೇಲೆ ಸರಿದು, ಗೋಡೆ ಏರಿ ಹೋಗಿಬಿಡುತ್ತಿತ್ತು. ಮಿಕ್ಕ ಹೊತ್ತೆಲ್ಲ ನಾವು ಕೈಯಿಂದ ತಡವಿಕೊಂಡು ಓಡಾಡುವವರು. ಕರೆಂಟು ಬಂದಿತ್ತು, ಆದರೆ ಅಡುಗೆಮನೆಯ ಒಂದು ಬಲ್ಬು ಬಿಟ್ಟು ಬೇರೆ ಹಾಕಲು ಅತ್ತೆ ಬಿಡುತ್ತಿರಲಿಲ್ಲ. ಹೊರಗಿನವರಿಗೆ ಮನೆಯೊಳಗೆ ಜನ ಇದ್ದಾರೆಂದು ತಿಳಿಯಬಾರದು ಎನ್ನುವುದು ಅವಳ ಲೆಕ್ಕ.

ನನ್ನ ಅವ್ವ ಸಿದ್ದಾಪುರದವಳು. ಕಾಲುವೆ ನೀರು ಬಂದ ಮೇಲೆ ಅಲ್ಲಿ ದಿಕ್ಕು ದಿಕ್ಕಿಗೂ ಭತ್ತದ ಗದ್ದೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ದೊಡ್ಡ ಕಿಟಕಿಗಳ ಹೊಸ ಮನೆಗಳು ಎದ್ದಿದ್ದವು. ಅವ್ವನ ತವರಿನಲ್ಲಿ ಮಂಚದ ಮೇಲೆ ಮಲಗಿದರೆ ಗದ್ದೆಯಲ್ಲಿ ಕೊಕ್ಕರೆ ಇಳಿಯುವುದು ಕಾಣುತ್ತಿತ್ತು. ಅಂಥವಳು ಮದುವೆಯಾಗಿ ಬಂದು ಸೇರಿದ್ದು ಈ ಗವಿಗೆ. ಊಟದ ಹೊತ್ತಿಗೆ ಅವಳ ಸಿಟ್ಟು ಹೊರಬೀಳುತ್ತಿತ್ತು. ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ, ರೊಟ್ಟಿಯನ್ನು ಸಪ್ಪಳಿಲ್ಲದೆ ಮುರಿದು ತಿನ್ನುವವಳು. ಅವ್ವ ತಟ್ಟೆಗಳನ್ನು ಬೇಕೆಂದೇ ಸಪ್ಪಳ ಮಾಡಿ ಇಡುವವಳು.

“ತಾಟಿನ್ಯಾಗ ಪಲ್ಯ ಐತೋ ಹುಳ ಐತೋ ಒಂದೂ ಕಾಣವಲ್ದು. ಹಿತ್ತಲ ಬಾಗಲರ ತೆಗೀರಿ ಅಕ್ಕಾರ, ಗಾಳಿ ಬರಲಿ.”

“ಗಾಳಿ ಒಂದ ಬರತೈತೇನು?” ಎಂದು ಅತ್ತೆ ಮೆಲ್ಲಗೆ ಕೇಳುತ್ತಿದ್ದಳು. ಅಪ್ಪ ತಲೆ ಎತ್ತದೆ ಉಣ್ಣುತ್ತಿದ್ದ. ಅವನು ತಾಲೂಕು ಕಚೇರಿಯಲ್ಲಿ ಗುಮಾಸ್ತ. ಎಲ್ಲರಿಗೂ ಆಯ್ತು ಎನ್ನುವವನು. ಅದರಲ್ಲೂ ಅಕ್ಕನ ಮಾತಿಗೆ ಅವನು ಎದುರು ಆಡಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ಅದನ್ನು ಹೇಡಿತನ ಎಂದೇ ತಿಳಿದಿದ್ದಳು.

ಅದೆಲ್ಲ ಬದಲಾದದ್ದು ನನ್ನ ತಮ್ಮ ಮಂಜನಿಗೆ ಚೇಳು ಕಡಿದ ಮೇಲೆ. ಅವನಿನ್ನೂ ಮಾತು ಕಲಿಯುತ್ತಿದ್ದ. ಗೋಲಿಯೊಂದು ಉರುಳಿ ಒಳಗಿನ ಖೋಲಿಗೆ ಹೋಯಿತೆಂದು ಚೀಲಗಳ ಸಂದಿಗೆ ಕೈ ಹಾಕಿದ್ದ. ಹೊರಗೆ ಉರಿಬಿಸಿಲು, ಖೋಲಿಯಲ್ಲಿ ಕತ್ತಲು. ಅವನ ಕಿರುಚಾಟ ಕೇಳಿ ಅವ್ವ ಓಡಿ ಬಂದರೂ ಏನಾಗಿದೆ ಎಂದು ಕಾಣಲಿಲ್ಲ. ಎತ್ತಿಕೊಂಡು ಅಂಗಳಕ್ಕೆ ತಂದಾಗಲೇ ಬೆರಳು ಊದಿದ್ದು ಕಂಡದ್ದು. ನೋಡನೋಡುತ್ತ ಅವನ ಮೈ ತಣ್ಣಗಾಯಿತು, ಬೆವರು ಇಳಿಯಿತು, ಬಾಯಿಂದ ನೊರೆ ಬಂತು. ಕೆಂಪು ಚೇಳು ಎಂದರು ಓಣಿಯವರು. ಆ ಮಾತು ಕೇಳಿ ಅವ್ವ ನೆಲದ ಮೇಲೆ ಕುಸಿದಳು. ಅಪ್ಪ ಅವನನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟದೆ ದವಾಖಾನೆಗೆ ಓಡಿದ. ನಾನು ಅಂಗಳದಲ್ಲಿ ಒಬ್ಬಳೇ ನಿಂತು, ಇಷ್ಟು ದಿನ ನಾನು ಅಡಗಿ ಕೂರಲು ಕಲಿತ ಜಾಗದಲ್ಲಿ, ಅದೇ ಚೀಲಗಳ ಹಿಂದೆ, ಆ ಚೇಳು ಎಷ್ಟು ಸಲ ನನ್ನ ಪಕ್ಕದಲ್ಲಿ ಕೂತಿತ್ತೋ ಎಂದು ಯೋಚಿಸಿದೆ. ನಿಂತಲ್ಲೇ ಉಚ್ಚೆ ಹೋಯಿತು.

ಮಂಜ ಬದುಕಿದ. ಅವನನ್ನು ಮನೆಗೆ ಕರೆತಂದ ಬೆಳಿಗ್ಗೆ ಅವ್ವ ಪಡಸಾಲೆಯಲ್ಲೇ ನಿಂತಳು, ಒಳಗೆ ಬರಲಿಲ್ಲ.

“ನೋಡ್ರಿ, ಈ ಮನಿಗೆ ಬೆಳಕ ಬರಬೇಕು. ಇಲ್ಲಂದ್ರ ನಾ ಮಕ್ಕಳನ್ನ ಕರಕೊಂಡು ಸಿದ್ದಾಪುರಕ್ಕ ಹೊಕ್ಕೇನಿ. ಇದು ಬೆದರಿಕಿ ಅಲ್ಲ, ಖರೇನ ಹೇಳಾಕತ್ತೇನಿ.”

“ಅಕ್ಕನ್ನ ಒಂದ ಮಾತು ಕೇಳಿ…”

“ಯಾಕ ಕೇಳಬೇಕು? ಸಾಯಾಕ ಬಿದ್ದಿದ್ದು ಯಾರ ಮಗ?”

ಅಪ್ಪ ಒಳಗೆ ನೋಡಿದ. ನಡುಮನೆಯ ಕತ್ತಲಲ್ಲಿ ಅತ್ತೆ ನಿಂತಿದ್ದಳು. ಮಂಜನ ಕಟ್ಟಿದ ಬೆರಳನ್ನೇ ನೋಡುತ್ತಿದ್ದಳು. “ಒಡಸ್ರಿ” ಎಂದು ಅವಳೇ ಹೇಳಿದಳು. ಹೇಳಿ ಗೋಡೆ ಹಿಡಿದುಕೊಂಡಳು.

ಅವತ್ತು ಮಧ್ಯಾಹ್ನ ಅವ್ವ ಇದ್ದಿಲ ತುಂಡು ತಂದು ನೆಲದ ಮೇಲೆ ಮನೆಯನ್ನು ಬರೆದಳು. ಪಡಸಾಲೆಗೂ ನಡುಮನೆಗೂ ನಡುವಿನ ಗೋಡೆಯನ್ನು ಅಂಗೈಯಿಂದ ಉಜ್ಜಿ ಅಳಿಸಿದಳು. ನಡುಮನೆಗೂ ಒಳಗಿನ ಖೋಲಿಗೂ ನಡುವಿನದನ್ನೂ ಅಳಿಸಿದಳು. ಎಲ್ಲ ಸೇರಿ ಒಂದೇ ದೊಡ್ಡ ಹಾಲು, ಮೂಲೆಯಲ್ಲಿ ನಿಂತು ಮಾಡುವ ಅಡುಗೆಯ ಕಟ್ಟೆ, ಮೇಲೆ ಗಾಜು ಹಾಕಿದ ಬೆಳಕಿಂಡಿ, ಕಮಾನುಗಳು ಮತ್ತೆ ತೆರೆದಿರಬೇಕು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೋ, ಅವಳು ಒಂದೊಂದು ಗೋಡೆ ಅಳಿಸಿದಾಗಲೂ ಮೈಮೇಲಿನ ಬಟ್ಟೆ ಕಿತ್ತ ಹಾಗಾಗುತ್ತಿತ್ತು.

“ಯವ್ವಾ, ಅವ್ರು ಬಂದ್ರ ಎಲ್ಲೆ ಅಡಗೂದು?” ಎಂದೆ.

“ಯಾರ ಅವ್ರು?”

ನಾನು ಅತ್ತೆಯ ಮುಖ ನೋಡಿದೆ. ಅವ್ವ ಇದ್ದಿಲು ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತೆಯ ಕಡೆ ನೋಡಿದಳು. ಈ ಮನೆಯಲ್ಲಿ ಚೇಳಿಗಿಂತ ಬೇರೆ ಏನೋ ತನ್ನ ಮಗಳನ್ನು ಕಡಿದಿದೆ ಎಂದು ಅವಳಿಗೆ ಹೊಳೆದದ್ದು ಆವಾಗಲೇ ಇರಬೇಕು.

ಗೌಂಡಿ ಹನುಮಪ್ಪ ತನ್ನ ಆಳುಗಳೊಂದಿಗೆ ಬಂದ. ದೊಡ್ಡ ದನಿಯ ಮನುಷ್ಯ. ಗುದ್ದಲಿ ಹಿಡಿದರೂ ಮಾತು, ಚಹಾ ಕುಡಿದರೂ ಮಾತು. ಮೊದಲು ಕಮಾನುಗಳನ್ನು ಬಿಚ್ಚಿದರು. ತುಂಬಿದ ಕಲ್ಲುಗಳು ಬಿದ್ದ ಕೂಡಲೇ ಬಿಸಿಲು ಪಡಸಾಲೆಯ ಗೋಡೆಗೆ ಹೋಗಿ ಬಡಿಯಿತು. ಅಲ್ಲಿ ಹಬ್ಬಿದ್ದ ಜೇಡರ ಬಲೆ, ಮಸಿ, ಎಣ್ಣೆಯ ಕಲೆ ಎಲ್ಲ ಒಮ್ಮೆಲೇ ಎದ್ದು ಕಂಡು, ನಾವು ಇಂಥ ಹೊಲಸಿನಲ್ಲಿ ಇದ್ದೆವೇ ಎಂದು ಅವ್ವ ಸೆರಗಿನಿಂದ ಮೂಗು ಮುಚ್ಚಿದಳು. ದಾರಿಯಲ್ಲಿ ಹೋಗುವವರು ನಿಂತು ನಿಂತು ಒಳಗೆ ನೋಡುತ್ತಿದ್ದರು. ಸಂತೆಗೆ ಬಂದ ಹಳ್ಳಿಯವರಿಗೂ ಗಿರ್ದಾವರ ಬಂಗಲೆಯ ಒಳಗು ನೋಡುವ ಆಸೆ. ಯಾರಾದರೂ ನನ್ನ ಮುಖ ನೋಡಿದರೆ ನಾನು ಕಂಬದ ಹಿಂದೆ ಸರಿಯುತ್ತಿದ್ದೆ. ರಾತ್ರಿಗೆ ಕಮಾನುಗಳಿಗೆ ಗೋಣಿತಾಟು ಕಟ್ಟುತ್ತಿದ್ದರು. ಅದಕ್ಕೆ ಅಗಳಿ ಎಲ್ಲಿಂದ ಬರಬೇಕು? ಸಂಜೆಯಾದರೆ ಅತ್ತೆ, ನಾನು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಜಗ್ಗಿ ನೋಡಲು ಏನೂ ಇರಲಿಲ್ಲ.

ಗೋಡೆಗಳು ಹೋದಂತೆಲ್ಲ ಅತ್ತೆ ಹಿಂದೆ ಸರಿದಳು. ಪಡಸಾಲೆಯ ಗೋಡೆ ಬಿದ್ದಾಗ ನಡುಮನೆಯ ಮೂಲೆ ಹಿಡಿದಳು. ಅಲ್ಲೂ ತೊಲೆಗಳಿಗೆ ಆನಿಕೆಯ ಕಂಬ ಕೊಟ್ಟು ಕೆಲಸ ಶುರುವಾದಾಗ ತನ್ನ ಟ್ರಂಕು, ಕೌದಿ, ನೀರಿನ ತಂಬಿಗೆ ತೆಗೆದುಕೊಂಡು ಒಳಗಿನ ಖೋಲಿ ಸೇರಿದಳು. ಚೇಳಿನ ಭಯಕ್ಕೆ ಚೀಲಗಳನ್ನೆಲ್ಲ ಹೊರಗೆ ಸಾಗಿಸಿಯಾಗಿತ್ತು. ಬರಿ ಖೋಲಿಯಲ್ಲಿ ಅವಳು ಬಾಗಿಲಿಗೆ ಮುಖ ಮಾಡಿ ಕೂತಿರುತ್ತಿದ್ದಳು. ರೊಟ್ಟಿ ಕೊಟ್ಟರೆ ಅರ್ಧ ತಿಂದು ಅರ್ಧ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದಳು. ಕೊನೆಗೆ ಆ ಖೋಲಿಯ ಸರದಿಯೂ ಬಂತು. ಹಿಂದಿನ ದಿನ ಅವ್ವ ಹೇಳಿದ್ದಳು:

“ಅಕ್ಕಾರ, ನಾಳೆ ಖೋಲಿ ಬಿಟ್ಟು ಹೊರಗ ಬರ್ರಿ. ಮ್ಯಾಲಿನ ಮಣ್ಣು ತೆಗೀತಾರ.”

ಅತ್ತೆ ತಲೆ ಆಡಿಸಿದ್ದಳು. ಬೆಳಿಗ್ಗೆ ಹೊರಗೆ ಬಂದು ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಕೂತಿದ್ದಳು ಕೂಡ. ಅವ್ವ ಅದನ್ನು ನೋಡಿ, ಖೋಲಿ ಖಾಲಿ ಆಗಿದೆ ಎಂದು ಹನುಮಪ್ಪನಿಗೆ ಹೇಳಿ, ಹಿತ್ತಲ ಒಲೆಯಲ್ಲಿ ಅಡುಗೆ ಮಾಡಲು ಹೋದಳು. ನಾನು ಮಧ್ಯಾಹ್ನದ ಬಿಡುವಿಗೆ ಸಾಲೆಯಿಂದ ಬಂದಾಗ ಆಳುಗಳು ಊಟಕ್ಕೆ ಕೂತಿದ್ದರು. ಮನೆಯೊಳಗೆ ಯಾರೂ ಇರಲಿಲ್ಲ. ಒಳಗಿನ ಖೋಲಿಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಯಾವಾಗ ಒಳಗೆ ಬಂದಳೋ. ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. ಕರೆದರೆ ಹೋಗುವುದು ನನಗೆ ರೂಢಿಯಾಗಿತ್ತು. ಹೋದೆ. ಅವಳು ಬಾಗಿಲು ಹಾಕಿ ಅಗಳಿ ಸರಿಸಿದಳು. ಈ ಸಲ ಜಗ್ಗಿ ನೋಡು ಎನ್ನಲಿಲ್ಲ.

ಮೂಲೆಯಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವಳ ಎದೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಮೊದಮೊದಲು ನನಗೆ ಹೆದರಿಕೆ ಆಗಲಿಲ್ಲ. ಎಷ್ಟೋ ದಿನದ ಮೇಲೆ ಬಾಗಿಲೊಂದು ಹಾಕಿದ್ದಕ್ಕೆ ಸಮಾಧಾನವೇ ಆಯಿತು. ಅಷ್ಟರಲ್ಲಿ ಮಾಳಿಗೆಯ ಮೇಲೆ ಧಪ್ ಎಂದು ಸಪ್ಪಳವಾಯಿತು. ಆಮೇಲೆ ಹೆಜ್ಜೆಗಳು. ಆಮೇಲೆ ಗುದ್ದಲಿಯ ಏಟು. ಬೆಳಕಿಂಡಿಯಿಂದ ಮಣ್ಣು ಸುರಿಯಿತು.

“ಬಂದ್ರು” ಎಂದಳು ಅತ್ತೆ.

ಅವಳ ಕೈ ನನ್ನ ಬಾಯಿಯ ಮೇಲೆ ಬಿತ್ತು. ದಿನಾ ತಲೆಗೆ ಎಣ್ಣೆ ಹಚ್ಚುವ, ರೊಟ್ಟಿ ಬಡಿಯುವ ಕೈ ಅದು. ಅಷ್ಟು ಬಲ ಅದರಲ್ಲಿದೆ ಎಂದು ನನಗೆ ತಿಳಿದಿರಲಿಲ್ಲ. ಬಾಯಿಯ ಜೊತೆಗೆ ಮೂಗೂ ಮುಚ್ಚಿತ್ತು. ಅತ್ತೀ ಎನ್ನಲು ಹೋದೆ. ದನಿ ಅವಳ ಅಂಗೈಯೊಳಗೇ ಉಳಿಯಿತು. ಮುಖ ತಿರುಗಿಸಿ ಒಂದು ಸಂದಿಯಲ್ಲಿ ಉಸಿರು ಎಳೆದುಕೊಂಡೆ. ಬಂದದ್ದು ಗಾಳಿಗಿಂತ ಧೂಳೇ ಹೆಚ್ಚು. ಕೆಮ್ಮು ಉಕ್ಕಿ ಬಂತು. ಕೆಮ್ಮಿನ ಸಪ್ಪಳ ಕೇಳಿದ್ದೇ ತಡ ಅವಳು ಇನ್ನೂ ಬಿಗಿಯಾಗಿ ಒತ್ತಿದಳು. ನನ್ನ ಕಿವಿಯ ಹತ್ತಿರ ಪಿಸುಗುಟ್ಟುತ್ತಲೇ ಇದ್ದಳು.

“ಕೆಮ್ಮಬ್ಯಾಡ ನನ್ನ ಕೂಸ, ಕೆಮ್ಮಬ್ಯಾಡ, ಕೇಳತೈತಿ, ಕೆಮ್ಮಬ್ಯಾಡ ಬಸೂ…”

ಬಸೂ ಎಂದರೆ ನನ್ನ ಅಪ್ಪ. ಅವಳು ನನ್ನನ್ನು ಯಾಕೆ ಹಾಗೆ ಕರೆಯುತ್ತಿದ್ದಾಳೆ? ಇವಳಿಗೆ ನಾನು ಯಾರೆಂದೇ ತಿಳಿಯುತ್ತಿಲ್ಲ ಎಂದು ಗೊತ್ತಾದ ಆ ಗಳಿಗೆಯ ಹೆದರಿಕೆಯನ್ನು ಹೇಳಲು ನನಗೆ ಇವತ್ತಿಗೂ ಸರಿಯಾದ ಮಾತು ಸಿಕ್ಕಿಲ್ಲ. ನನ್ನನ್ನು ಅವರಿಂದ ಅಡಗಿಸಿಡಬೇಕಾದವಳ ತೋಳಿನಲ್ಲೇ ನಾನು ಸಾಯುತ್ತಿದ್ದೆ. ಕಾಲು ಝಾಡಿಸಿದೆ. ತಂಬಿಗೆ ಉರುಳಿತು.

ಹೊರಗೆ ಅವ್ವನ ಚಪ್ಪಲಿಯ ಸಪ್ಪಳ ಕೇಳಿತು. ನನ್ನ ಪಾಟಿಚೀಲ ಪಡಸಾಲೆಯಲ್ಲಿ ಬಿದ್ದದ್ದು ನೋಡಿ ಹುಡುಕುತ್ತ ಬಂದಿದ್ದಳು. ಬಾಗಿಲು ನೂಕಿ, ಒಳಗಿನಿಂದ ಅಗಳಿ ಬಿದ್ದದ್ದು ತಿಳಿದು ಅವಳು ಕೂಗಿದ ಕೂಗಿಗೆ ಮಾಳಿಗೆಯ ಮೇಲಿನ ಗುದ್ದಲಿ ನಿಂತಿತು. ಅವ್ವ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದಳು. ಒಂದೊಂದು ಬಡಿತಕ್ಕೂ ಅತ್ತೆ ನನ್ನನ್ನು ಮೂಲೆಗೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದಳು. ಜಂತೆಗಳ ಸಂದಿಯಿಂದ ಮಣ್ಣು ಉದುರುತ್ತಿತ್ತು.

“ಬಡೀಬ್ಯಾಡ್ರಿ ತಾಯಿ!” ಎಂದು ಹನುಮಪ್ಪ ಕೂಗಿದ. “ತೊಲಿ ಸಡ್ಲಾಗೇತಿ. ಬಾಗಲಾ ಒಡದ್ರ ಮ್ಯಾಲಿಂದು ಅವರ ಮ್ಯಾಲೆ ಬೀಳತೈತಿ. ಒಳಗಿನವರ ತೆಗೀಬೇಕು.”

“ಅಕ್ಕಾರ! ತೆಗೀರಿ ಅಕ್ಕಾರ, ನಿಮ್ಮ ಕಾಲ ಬೀಳ್ತೀನಿ!”

ಅತ್ತೆ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿದ್ದು ಬೇರೆ ಯಾರದೋ ದನಿ. ಆಳೊಬ್ಬ ಕಚೇರಿಗೆ ಓಡಿದನಂತೆ. ಅಪ್ಪ ಬರುವವರೆಗೆ ಎಷ್ಟು ಹೊತ್ತಾಯಿತೋ ನನಗೆ ತಿಳಿಯದು. ನಾನು ಆ ಬೆರಳ ಸಂದಿಯ ಉಸಿರಿನಲ್ಲೇ ಇದ್ದೆ. ಆಮೇಲೆ ಹೊರಗೆ ಸದ್ದಡಗಿತು. ಬಾಗಿಲ ಕೆಳಗಿನ ಸಂದಿಯಿಂದ ಅಪ್ಪನ ದನಿ ಬಂತು. ಅವನು ನೆಲಕ್ಕೆ ಕಿವಿ ಹಚ್ಚಿ ಮಲಗಿದ್ದ.

“ಅಕ್ಕಾ, ನಾನು. ಬಸೂ.”

ಅತ್ತೆ ಬಾಗಿಲ ಕಡೆ ತಲೆ ತಿರುಗಿಸಿದಳು.

“ಅಕ್ಕಾ, ಅವ್ರು ಹೋದ್ರು.”

“ಸುಳ್ಳು” ಎಂದಳು ಅತ್ತೆ. “ಯಾರ ನೋಡ್ಯಾರ?”

“ನಾನ ನೋಡೇನಿ. ಕಮಾನಿನ್ಯಾಗ ನಿಂತು ನೋಡೇನಿ. ಹಾದಿ ಪೂರಾ ಕಾಣತೈತಿ. ಒಬ್ಬರೂ ಇಲ್ಲಕ್ಕಾ.”

ಮೇಲಿಂದ ಮಣ್ಣಿನ ಒಂದು ಹೆಂಟೆ ಬಿದ್ದು ನಮ್ಮ ಕಾಲಿನ ಹತ್ತಿರ ಒಡೆಯಿತು. ಅಪ್ಪನ ದನಿ ಸಣ್ಣಗಾಯಿತು. ಆಗ ಅದು ಕಚೇರಿಗೆ ಹೋಗುವ ಗಂಡಸಿನ ದನಿಯಾಗಿ ಉಳಿದಿರಲಿಲ್ಲ.

“ನನಗ ಉಸರು ಹತ್ತವಲ್ದು ಅಕ್ಕಾ. ಕೈ ತೆಗಿ.”

“ಕೆಮ್ಮತೀಯಲ್ಲೋ?”

“ಕೆಮ್ಮಂಗಿಲ್ಲ. ನಿನ್ನ ಆಣಿ.”

ಕೈ ಸಡಿಲಾಯಿತು. ನಾನು ಬಾಯಿ ತುಂಬ ಧೂಳನ್ನೇ ಎಳೆದುಕೊಂಡೆ. ಅತ್ತೆ ಎದ್ದು, ತಡವುತ್ತ ಹೋಗಿ, ಅಗಳಿ ಸರಿಸಿದಳು. ಹನುಮಪ್ಪ ನನ್ನನ್ನು ರೆಟ್ಟೆ ಹಿಡಿದು ಹೊರಗೆಳೆದ. ಅಪ್ಪ ಅಕ್ಕನನ್ನು ತಬ್ಬಿಕೊಂಡೇ ಅಂಗಳಕ್ಕೆ ತಂದ. ಎಲ್ಲರನ್ನೂ ಹೊರಗೆ ಕಳಿಸಿ ಹನುಮಪ್ಪ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದಾಗಲೇ ಒಳಗೆ ತೊಲೆಯ ಒಂದು ತುದಿ ಜಾರಿ, ಖೋಲಿಯ ಅರ್ಧ ಮಾಳಿಗೆ ಕೆಳಗೆ ಬಂತು. ಆ ಸಪ್ಪಳಕ್ಕೆ ಓಣಿಯ ಜನವೆಲ್ಲ ಓಡಿ ಬಂದರು. ಅತ್ತೆ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನನ್ನ ಕೆನ್ನೆಯ ಮೇಲೆ ತನ್ನ ಬೆರಳು ಮೂಡಿಸಿದ ಕೆಂಪು ಗುರುತುಗಳನ್ನು ನೋಡುತ್ತಿದ್ದಳು.

ನನಗೆ ಜ್ವರ ಬಂತು. ಪಕ್ಕದ ಮನೆಯ ಪಡಸಾಲೆಯಲ್ಲಿ ಮಲಗಿಸಿದ್ದರು. ಅಲ್ಲಿಂದಲೇ ಅವ್ವ ಅಪ್ಪನ ಮಾತು ಕೇಳಿದೆ. ಅವ್ವ ಅಷ್ಟು ಮೆಲ್ಲಗೆ ಜಗಳ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಏನ ಆಗೇತಿ ಆಕೀಗೆ? ಇಷ್ಟ ವರ್ಷಾತು, ನನಗ ಯಾಕ ಹೇಳಲಿಲ್ಲ?”

ಅಪ್ಪ ಹೇಳಿದ. ನಿಜಾಮರ ಕಡೆಯ ರಜಾಕಾರರ ಗದ್ದಲದ ಕಾಲ. ಅಜ್ಜ ಊರಲ್ಲಿರಲಿಲ್ಲ. ಅಜ್ಜಿ ಹೊಲಕ್ಕೆ ಹೋಗಿದ್ದಳು. ಮನೆಯಲ್ಲಿ ಇದ್ದದ್ದು ಅತ್ತೆ ಮತ್ತು ಅಪ್ಪ. ಅವಳಿನ್ನೂ ಲಂಗ ಉಡುವ ಹುಡುಗಿ. ಅವನು ನಾಯಿಕೆಮ್ಮು ಹತ್ತಿದ ಕೂಸು. ಬಂದೂಕು ಬಡಿಗೆ ಹಿಡಿದವರು ಓಣಿಗೆ ನುಗ್ಗಿದಾಗ ಅವಳು ತಮ್ಮನನ್ನು ಎತ್ತಿಕೊಂಡು ಒಳಗಿನ ಖೋಲಿ ಸೇರಿ ಅಗಳಿ ಹಾಕಿದಳು. ಅವರು ಮನೆ ಹೊಕ್ಕರು, ಪಾತ್ರೆ ಪಗಡೆ ಒಡೆದರು, ಖೋಲಿಯ ಬಾಗಿಲೂ ಬಡಿದರು. ತಮ್ಮನಿಗೆ ಕೆಮ್ಮು ಬಂತು. ಅವಳು ಕೌದಿಯ ತುದಿ ಹಿಡಿದು ಅವನ ಬಾಯಿ ಒತ್ತಿದಳು. ಅವರು ಯಾವಾಗ ಹೋದರೋ ಅವಳಿಗೆ ತಿಳಿಯಲಿಲ್ಲ. ಹೋದರು ಎಂದು ಹೇಳುವವರು ಯಾರೂ ಇರಲಿಲ್ಲ. ಅಜ್ಜಿ ಜೋಳದ ಹೊಲದಲ್ಲಿ ಅಡಗಿದ್ದು, ಮರುದಿನ ಬಂದು ಬಾಗಿಲು ತೆಗೆಸಿದಾಗ ಕೂಸು ನೀಲಿಗಟ್ಟಿತ್ತು. ನೀರು ಹೊಡೆದು, ಬೆನ್ನು ತಟ್ಟಿ, ಹೇಗೋ ಉಳಿಸಿಕೊಂಡರು.

“ನನಗೇನೂ ನೆನಪಿಲ್ಲ” ಎಂದ ಅಪ್ಪ. “ಆದ್ರ ಒಮ್ಮೊಮ್ಮೆ ಆಕಿ ಕೈ ಇನ್ನೂ ನನ್ನ ಬಾಯಿ ಮ್ಯಾಲೆ ಐತಿ ಅನಸ್ತೈತಿ ಸರೋಜಾ. ಯಾರ ಮುಂದೂ ಆಡಲಿಕ್ಕೆ ಬಾಯಿ ಬರಲಿಲ್ಲ.”

ಆಮೇಲೆ ಅಳುವ ಸಪ್ಪಳ ಕೇಳಿತು. ಯಾರದೆಂದು ತಿಳಿಯಲಿಲ್ಲ, ನಾನು ಕೌದಿ ಹೊದ್ದುಕೊಂಡೆ.

ಕೆಲಸ ಕೆಲವು ದಿನ ನಿಂತಿತು. ಅತ್ತೆ ಮಾತು ಬಿಟ್ಟಿದ್ದಳು. ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದಳು. ನಾನು ಹತ್ತಿರ ಹೋದರೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ನನಗೂ ಅವಳ ಹತ್ತಿರ ಹೋಗಲು ಭಯ, ಹೋಗದೆ ಇರಲೂ ಭಯ. ಅವಳೇ ಕಲಿಸಿದ ಹಾಗೆ ಹೆಜ್ಜೆ ಸಪ್ಪಳವಾಗದಂತೆ ಹೋಗಿ, ಅವಳಿಗೆ ಕೈ ಎಟುಕದಷ್ಟು ದೂರದಲ್ಲಿ ಕೂರುತ್ತಿದ್ದೆ. ಅವ್ವ ದಿನಾ ರೊಟ್ಟಿ ತಂದು ಅವಳ ಎದುರಿಗೆ ತಾನೂ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. ತಪ್ಪಾಯಿತು ಎಂದು ಇವಳೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಒಂದು ದಿನ ಅವ್ವ ಕೇಳಿದಳು:

“ಅಕ್ಕಾರ, ಬಿದ್ದ ಖೋಲಿ ಜಾಗದಾಗ ಗೋಡಿ ಎಬ್ಬಸಬೇಕು. ಕಿಟಕಿ ಎಲ್ಲೆ ಇಡಸೂಣು? ಬ್ಯಾಡ ಅಂದ್ರ ಬ್ಯಾಡ. ನೀವು ಹೇಳಿದಂಗ.”

ಅತ್ತೆ ಬಿದ್ದ ಖೋಲಿಯ ಕಡೆ ನೋಡುತ್ತ ಕೂತಳು. ಆಮೇಲೆ ಯಾವಾಗಲೋ, ಅವ್ವ ಬಟ್ಟೆ ಒಣಹಾಕುತ್ತಿದ್ದಾಗ, ಅತ್ತೆ ತನ್ನಷ್ಟಕ್ಕೆ ಎಂಬಂತೆ ಹೇಳಿದಳು:

“ಹಾದಿ ಕಾಣಂಗ ಇರಲಿ.”

ಖೋಲಿ ಇದ್ದದ್ದು ಮನೆಯ ಬಲ ಮೂಲೆಯಲ್ಲಿ. ಹೊರಗೋಡೆಯನ್ನು ಹೊಸದಾಗಿ ಕಟ್ಟಿ, ದಪ್ಪ ಸರಳುಗಳ ಕಿಟಕಿ ಇಟ್ಟರು. ಅಲ್ಲಿ ನಿಂತರೆ ಹಾದಿ ಊರ ಹೊರಗಿನ ದಿಬ್ಬದವರೆಗೂ ಕಾಣುತ್ತಿತ್ತು. ಮನೆಯೆಲ್ಲ ಒಂದೇ ಹಾಲಾಯಿತು, ತೊಲೆಗಳ ಕೆಳಗೆ ಕಬ್ಬಿಣದ ಗರ್ಡರು ಬಂತು, ನೆಲಕ್ಕೆ ಶಹಾಬಾದಿ ಕಲ್ಲು, ಗೋಡೆಗೆ ಸುಣ್ಣ. ನೋಡಿದವರೆಲ್ಲ ಛಲೋ ಆಗೇತಿ, ಭಾಳ ಛಲೋ ಆಗೇತಿ ಎಂದರು. ಅವ್ವ ಮಾತ್ರ ಒಂದನ್ನು ತನ್ನ ಯೋಜನೆಯಲ್ಲಿ ಬದಲಿಸಿದ್ದಳು. ಅಡುಗೆ ಕಟ್ಟೆಯ ಹಿಂದೆ, ಒಬ್ಬರು ಮಲಗುವಷ್ಟು ಜಾಗಕ್ಕೆ ಎದೆಯೆತ್ತರದ ಗೋಡೆ ಕಟ್ಟಿಸಿ, ಅತ್ತೆಯ ಹಾಸಿಗೆಯನ್ನು ತಾನೇ ಅಲ್ಲಿ ಹಾಸಿದಳು.

ಬೆಳಕು ಬಂತೆಂದು ಹೆದರಿಕೆ ಹೋಗಲಿಲ್ಲ. ಮೊದಲ ಕೆಲವು ತಿಂಗಳು ನನಗೆ ಆ ಹಾಲಿನ ನಡುವೆ ಹಾದುಹೋಗುವುದೇ ಆಗುತ್ತಿರಲಿಲ್ಲ. ಗೋಡೆಯ ಗುಂಟ ನಡೆಯುತ್ತಿದ್ದೆ. ಎಲ್ಲಿ ಕೂತರೂ ನಾಲ್ಕು ಕಡೆಯಿಂದ ಯಾರೋ ನೋಡಿದ ಹಾಗೆ. ಪಾಠ ಓದುವುದನ್ನೂ ಅತ್ತೆಯ ಆ ಗಿಡ್ಡ ಗೋಡೆಯ ಹಿಂದೆ ಕೂತೇ ಮಾಡುತ್ತಿದ್ದೆ. ಅವಳು ನನಗೆ ಜಾಗ ಬಿಟ್ಟು ಸರಿದು ಕೂರುತ್ತಿದ್ದಳು. ಮೈಗೆ ಮೈ ತಾಗದ ಹಾಗೆ. ಇವತ್ತಿಗೂ ನಾನು ಹೊಸ ಮನೆಗೆ ಹೋದರೆ ಮೊದಲು ಬಾಗಿಲು ಯಾವ ಕಡೆ ಎಂದು ನೋಡಿ, ಅದಕ್ಕೆ ಎದುರಾಗಿ ಕೂರುತ್ತೇನೆ. ಹಾಗೆಯೇ ಕಿಟಕಿ ಇಲ್ಲದ ಕೋಣೆಯಲ್ಲಿ ಒಂದು ಗಳಿಗೆ ಇರಲಾರೆ. ಒಂದು ಅತ್ತೆ ಕೊಟ್ಟದ್ದು, ಒಂದು ಅವ್ವ ಕೊಟ್ಟದ್ದು. ಎರಡನ್ನೂ ನೋಡಿ ನನ್ನ ಮಕ್ಕಳು ನಗಾಡುತ್ತಾರೆ.

ಮನೆಯ ಕೆಲಸ ಮುಗಿದ ಮೇಲಿನ ಮೊದಲ ಬೇಸಿಗೆಯ ಒಂದು ಮಧ್ಯಾಹ್ನ ಅವ್ವ ಮಂಜನನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ಅತ್ತೆ. ಗಂಡಸರ ದನಿ ಕೇಳಿತು, ಜೋಡುಗಳ ಸಪ್ಪಳ ಕೇಳಿತು. ನಾನು ಅಭ್ಯಾಸದಂತೆ ಗೋಡೆಯ ಹಿಂದೆ ಕುಗ್ಗಿ, ಮೊಣಕಾಲು ಎದೆಗೆ ಆನಿಸಿ, ಬಾಯಿ ತೆರೆದೆ. ಅತ್ತೆ ನನ್ನ ಪಕ್ಕದಲ್ಲಿ ಇರಲಿಲ್ಲ. ಇಣುಕಿ ನೋಡಿದರೆ ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬಡಿಗೆ ಹಿಡಿದ ಮೂರು ಜನ ನಮ್ಮ ಮನೆಯ ಕಡೆಗೇ ಬರುತ್ತಿದ್ದರು. ಅವರ ಹಿಂದೆ ದಿಬ್ಬದ ಮೇಲೆ ಧೂಳು ಎದ್ದಿತ್ತು.

“ಅತ್ತೀ, ಬಾ ಇಲ್ಲೆ” ಎಂದು ಪಿಸುಗುಟ್ಟಿದೆ.

ಅವಳು ತಿರುಗಲಿಲ್ಲ. ಬಹಳ ಹೊತ್ತು ನೋಡಿದಳು.

“ಕುರಿಯವರು ಅದಾರ” ಎಂದಳು. “ಒಬ್ಬಾತನ ಹೆಗಲ ಮ್ಯಾಲೆ ಮರಿ ಐತಿ. ಮುದುಕ ಅದಾನ. ನೀರು ಕೇಳಾಕ ಬಂದಿರಬೇಕು.”

ಕಮಾನಿನ ಹತ್ತಿರ ನಿಂತು ಒಬ್ಬ ಕೂಗಿದ: “ಯವ್ವಾ, ಕುಡಿಯಾಕ ಒಂದಿಷ್ಟು ನೀರು ಕೊಡ್ರೀ.”

ಅತ್ತೆ ಕೊಡದಲ್ಲಿ ತಂಬಿಗೆ ಅದ್ದಿದಳು. ತಂಬಿಗೆ ಕೊಡದ ಅಂಚಿಗೆ ಬಡಿದು ಕಟಕಟ ಎನ್ನುತ್ತಿತ್ತು. ನಾನು ಎದ್ದು ಹೋಗಿ ಅವಳ ಸೆರಗು ಹಿಡಿದೆ. ಹಾಲಿನ ನಡುವೆಯೇ ಇಬ್ಬರೂ ನಡೆದು ಹೋದೆವು. ಮುದುಕ ಬೊಗಸೆ ಒಡ್ಡಿ ಕುಡಿದ, ಮರಿಗೂ ಕುಡಿಸಿದ, 'ಸಾಕ್ರೆವ್ವಾ, ತಣ್ಣಗಿರ್ರಿ' ಎಂದು ಹೋದ. ಅತ್ತೆ ಕಮಾನಿನಲ್ಲಿ ನಿಂತು, ಕುರಿಗಳ ಧೂಳು ಕೂರುವವರೆಗೂ ಆ ಕಡೆ ನೋಡಿದಳು. ಆಮೇಲೆ ಒಳಗೆ ತಿರುಗಿ, ತಾನು ಬಂದ ದಾರಿಯನ್ನು ನೋಡಿದಳು. ಕೊಡದಿಂದ ಕಮಾನಿನವರೆಗೆ ನೆಲದ ಮೇಲೆಲ್ಲ ನೀರು ಚೆಲ್ಲಿತ್ತು.

“ಒರಸು ಗಿರ್ಜಿ” ಎಂದಳು. “ನಿಮ್ಮವ್ವ ಬಂದು ಜಾರಿ ಬಿದ್ದಾಳು.”

ನಾನು ಅರಿವೆ ತಂದು ಒರೆಸುತ್ತ ಹೋದೆ. ಕೊಡದ ಹತ್ತಿರ ನೀರು ಬಹಳ ಚೆಲ್ಲಿತ್ತು, ಆಮೇಲಾಮೇಲೆ ಹನಿಹನಿ. ಬಿಸಿಲು ಬೀಳುವ ಕಡೆ ಬರುವ ಹೊತ್ತಿಗೆ ಒರೆಸಲು ಏನೂ ಉಳಿದಿರಲಿಲ್ಲ, ಕಲ್ಲು ತಾನೇ ಒಣಗಿತ್ತು.